ವಾರ್ತಾ ಮಂತ್ರಿಯ ಕರಿಹಲಗೆ

ಹಳೆಯ ಮೈಸೂರು ಸೀಮೆಯಲ್ಲಿ ‘ಮಿಡ್ಲ್ ಸ್ಕೂಲು’ ಎಂಬ ಮಾತು ಸರ್ಕಾರದ ಕಡತಗಳಿಂದ ಮರೆಯಾಗಿ ದಶಕಗಳೇ ಕಳೆದಿದ್ದರೂ ಊರವರ ನಾಲಿಗೆಯಿಂದ ಇನ್ನೂ ಇಳಿದಿಲ್ಲ. ಪ್ರೈಮರಿ ಮುಗಿಸಿದ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತುವ ಮೊದಲು ಮೂರು ನಾಲ್ಕು ವರ್ಷ ಕಳೆಯುತ್ತಿದ್ದ ಶಾಲೆಗೆ ಆ ಹೆಸರು ಸಲ್ಲುತ್ತಿತ್ತು. ಅದರ ಕೊನೆಗೆ ಎದುರಾಗುತ್ತಿದ್ದ ಲೋಯರ್ ಸೆಕೆಂಡರಿ ಪರೀಕ್ಷೆಯನ್ನು ಜನ ‘ಎಲ್.ಎಸ್.’ ಎಂದು ಮೊಟಕು ಮಾಡಿಕೊಂಡು, ಅದನ್ನು ಪಾಸು ಮಾಡಿದವನಿಗೆ ಊರಿನವರ ಕಾಗದ ಪತ್ರ ಓದಿಹೇಳುವ ಅಧಿಕಾರವನ್ನು ತಾವೇ ವಹಿಸಿಕೊಟ್ಟಿದ್ದರು. ಇಂದಿನ ಇಲಾಖೆಯ ಭಾಷೆಯಲ್ಲಿ ಅದು ‘ಹಿರಿಯ ಪ್ರಾಥಮಿಕ ಶಾಲೆ’, ಎಂದರೆ ಒಂದರಿಂದ ಏಳು ಅಥವಾ ಎಂಟನೆಯ ತರಗತಿಯವರೆಗಿನ ಶಾಲೆ. ಆದರೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದವರು ಬಸ್ಸಿನ ಕಂಡಕ್ಟರಿಗೆ ಇಳಿಯುವ ಜಾಗ ಹೇಳುವಾಗ ‘ಮಿಡ್ಲಿಸ್ಕೂಲ್ ತಾವ’ ಎಂದೇ ಹೇಳುತ್ತಾರೆ, ಬಸ್ಸೂ ಸರಿಯಾದ ಜಾಗದಲ್ಲಿಯೇ ನಿಲ್ಲುತ್ತದೆ.

ಇಂಥ ಶಾಲೆಯ ಜಗಲಿಯಲ್ಲಿ, ಸಾಮಾನ್ಯವಾಗಿ ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಿನ ಪಕ್ಕದ ಗೋಡೆಗೆ, ಕರಿ ಬಣ್ಣ ಬಳಿದು ಸುತ್ತ ಬಿಳಿಯ ಅಂಚು ಎಳೆದ ಒಂದು ಚೌಕವಿರುತ್ತದೆ. ಅದನ್ನು ಸೂಚನಾ ಫಲಕವೆನ್ನುವರು, ಸುದ್ದಿ ಹಲಗೆಯೆನ್ನುವವರೂ ಇದ್ದಾರೆ. ಹಲಗೆಯೇ ಇಲ್ಲದ, ಬರಿಯ ಗೋಡೆಯೇ ಆಗಿರುವ ವಸ್ತುವಿಗೆ ‘ಕರಿಹಲಗೆ’ ಎಂಬ ಹೆಸರು ಅಂಟಿಕೊಂಡಿರುವುದು ಭಾಷೆಯ ಹಟಕ್ಕೆ ಒಂದು ಸಣ್ಣ ಉದಾಹರಣೆ. ಅದರ ಮೇಲ್ಭಾಗದಲ್ಲಿ ದಿನಾಂಕ ಮತ್ತು ವಾರ, ಎಡಗಡೆ ‘ದಾಖಲಾತಿ’, ಬಲಗಡೆ ‘ಹಾಜರಾತಿ’, ಅವೆರಡರ ಕೆಳಗೂ ‘ಗಂಡು, ಹೆಣ್ಣು, ಒಟ್ಟು’ ಎಂಬ ಮೂರು ಮನೆಗಳು, ಅವುಗಳಿಗೂ ಕೆಳಗೆ ಒಂದು ಸುವಿಚಾರ, ಉಳಿದ ಜಾಗದಲ್ಲಿ ಆ ದಿನದ ವಾರ್ತೆ ಮತ್ತು ಮುಂಬರುವ ಕಾರ್ಯಕ್ರಮ. ದಾಖಲಾತಿಯ ಅಂಕಿಗಳನ್ನು ಜೂನ್ ತಿಂಗಳಿನಲ್ಲಿ ಬಣ್ಣದಿಂದ ಬರೆದರೆ ವರ್ಷವಿಡೀ ಅಳಿಸುವ ಪ್ರಮೇಯವಿಲ್ಲ. ಹಾಜರಾತಿಯದು ಸೀಮೆಸುಣ್ಣದ ಬರಹ, ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿ ಬರೆಯಬೇಕಾದದ್ದು. ಈ ಎರಡು ಬಗೆಯ ಅಂಕಿಗಳ ನಡುವಣ ಅಂತರವೇ ಪ್ರಸ್ತುತ ಪ್ರಬಂಧದ ವಿಷಯವಾದ್ದರಿಂದ, ಓದುಗರು ಅವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಫಲಕದಲ್ಲಿ ಬರೆಯುವ ಹೊಣೆ ‘ವಾರ್ತಾ ಮಂತ್ರಿ’ಯದು. ಶಾಲಾ ಸಂಸತ್ತು ಎಂಬ ವ್ಯವಸ್ಥೆಯಲ್ಲಿ, ಎಂದರೆ ಮಕ್ಕಳೇ ಮತ ಹಾಕಿ ತಮ್ಮ ಮಂತ್ರಿಮಂಡಲವನ್ನು ಆರಿಸಿಕೊಳ್ಳುವ ಏರ್ಪಾಟಿನಲ್ಲಿ, ಆರೋಗ್ಯ, ನೀರಾವರಿ, ಕ್ರೀಡೆ ಮುಂತಾದ ಖಾತೆಗಳ ಜೊತೆಗೆ ವಾರ್ತೆಗೂ ಒಂದು ಖಾತೆ ಉಂಟು. ನೀರಾವರಿ ಮಂತ್ರಿ ಗಿಡಗಳಿಗೆ ನೀರು ಹಾಕಿಸಬೇಕು, ಆರೋಗ್ಯ ಮಂತ್ರಿ ಉಗುರು ನೋಡಬೇಕು, ವಾರ್ತಾ ಮಂತ್ರಿ ಅಕ್ಷರ ದುಂಡಗಿರುವ ಏಳನೆಯ ತರಗತಿಯ ಹುಡುಗಿಯಾಗಿರಬೇಕು. ಕೊನೆಯದು ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಚೆನ್ನಾಗಿ ಪಾಲನೆಯಾಗುತ್ತದೆ. ಒಂದು ಕಾಲದಲ್ಲಿ ಈ ಮಂತ್ರಿಗೆ ಸುದ್ದಿಮೂಲವೆಂದರೆ ರೇಡಿಯೊ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಮೈಸೂರಿನ ಆಕಾಶವಾಣಿ ಈ ನಾಲ್ಕು ತಾಲ್ಲೂಕುಗಳಿಗೆ ಎಷ್ಟು ಹತ್ತಿರದ್ದೆಂದರೆ, ಅದರ ವಾರ್ತೆಯನ್ನು ಮನೆಯಲ್ಲಿ ಕೇಳಿ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಹಾಕಿಕೊಂಡು ಬರುವುದು ಮಕ್ಕಳ ಒಂದು ಕಸುಬೇ ಆಗಿತ್ತು. ಈಗ ‘ಆಂದೋಲನ’ವೋ ‘ಮೈಸೂರು ಮಿತ್ರ’ವೋ ಶಿಕ್ಷಕರ ಕೈಚೀಲದಲ್ಲಿ ಬರುತ್ತದೆ, ಬಾರದಿದ್ದರೆ ಮೊಬೈಲು ಇದ್ದೇ ಇದೆ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ಮುಗಿದು ಸಂವಿಧಾನದ ಪೀಠಿಕೆಯ ಓದು ಆದ ಮೇಲೆ ಮಂತ್ರಿಯು ಮುಂದೆ ಬಂದು ಮೂರು ವಾರ್ತೆ ಓದುತ್ತಾಳೆ: ಒಂದು ಅಂತಾರಾಷ್ಟ್ರೀಯ, ಒಂದು ರಾಷ್ಟ್ರೀಯ, ಒಂದು ಕ್ರೀಡೆ. ಹಳ್ಳಿಯ ಹೊಳೆದಂಡೆಯಲ್ಲಿ ನಿಂತ ಮಕ್ಕಳು ದೂರದ ಯಾವುದೋ ದೇಶದ ಪ್ರಧಾನಿಯ ರಾಜೀನಾಮೆಯನ್ನು ಕೈಕಟ್ಟಿಕೊಂಡು ಕೇಳಿ, ‘ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು’ ಎಂಬ ಮಾತಿಗೆ ಒಂದೇ ಹೆಜ್ಜೆಯಲ್ಲಿ ಎಡಕ್ಕೆ ತಿರುಗುತ್ತಾರೆ.

ವಾರ್ತೆಗಿಂತ ಮುಂಬರುವ ಕಾರ್ಯಕ್ರಮಗಳ ಭಾಷೆ ಹೆಚ್ಚು ಸ್ವಾರಸ್ಯವಾದದ್ದು. ‘ಆಚರಿಸಲಾಗುವುದು’, ‘ಹಮ್ಮಿಕೊಳ್ಳಲಾಗಿದೆ’, ‘ತಿಳಿಯಪಡಿಸಲಾಗಿದೆ’ ಎಂಬ ಕ್ರಿಯಾಪದಗಳನ್ನು ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗವೆನ್ನುತ್ತಾರೆ. ಮಾಡುವವನು ಮರೆಯಲ್ಲಿ ನಿಂತು ಮಾಡಿದ ಕೆಲಸವಷ್ಟೇ ಮುಂದೆ ಬರುವ ವಾಕ್ಯರೀತಿ ಅದು. ಕನ್ನಡದ ಆಡುಮಾತಿನಲ್ಲಿ ಇದು ಇಲ್ಲವೆನ್ನುವಷ್ಟು ಅಪರೂಪ. ‘ನನ್ನಿಂದ ಮುದ್ದೆ ಉಣ್ಣಲ್ಪಟ್ಟಿತು’ ಎಂದು ಯಾರೂ ಹೇಳುವುದಿಲ್ಲ. ಆದರೆ ಶಾಲೆಯ ಗೋಡೆಯ ಮೇಲೆ ಅದಿಲ್ಲದೆ ಒಂದು ಸಾಲೂ ನಿಲ್ಲದು. ಇದರ ಜೊತೆಗೆ ಹಳೆಯ ಮೈಸೂರು ಕಚೇರಿಗಳು ಬಿಟ್ಟುಹೋದ ಆಸ್ತಿಯಾದ ‘ತಕ್ಕದ್ದು’ ಎಂಬ ಪ್ರತ್ಯಯದಂಥ ಪದವೊಂದಿದೆ: ಬರತಕ್ಕದ್ದು, ತರತಕ್ಕದ್ದು, ಹಾಜರಿರತಕ್ಕದ್ದು. ಪೋಷಕರ ಸಭೆಗೆ ಬನ್ನಿರೆಂದು ಕರೆಯುವ ಸೂಚನೆಯೂ ಸಮನ್ಸಿನ ದನಿಯಲ್ಲಿ ಹೊರಡುತ್ತದೆ. ಪೋಷಕರನ್ನು ಶಾಲೆಯ ಒಡೆತನಕ್ಕೆ ತರುವುದಕ್ಕೆಂದೇ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಜನರ ಬಾಯಲ್ಲಿ ‘ಎಸ್‌ಡಿಎಂಸಿ’ಗಳು, ಹುಟ್ಟಿಕೊಂಡರೂ ಒಡೆಯರನ್ನು ಕರೆಯುವ ಭಾಷೆ ಬದಲಾಗಲಿಲ್ಲ. ಕರ್ತೃವಿಲ್ಲದ ವಾಕ್ಯದಲ್ಲಿ ಕರೆಸಿಕೊಂಡವನು ಬಾರದೆ ಉಳಿದರೆ ಅವನನ್ನು ತೀರ ಬೈಯುವಂತಿಲ್ಲ.

ಮುಂಬರುವ ಕಾರ್ಯಕ್ರಮಗಳು ಇಲಾಖೆಯ ವಾರ್ಷಿಕ ಮಾರ್ಗಸೂಚಿಯಿಂದ ಇಳಿದುಬರುತ್ತವೆ. ಮೇ ಕೊನೆಯಲ್ಲಿ ಮಾವಿನ ತೋರಣ ಕಟ್ಟಿ ಪಾಯಸ ಬಡಿಸುವ ಶಾಲಾ ಪ್ರಾರಂಭೋತ್ಸವ, ಜೂನ್ 5ರಂದು ಪರಿಸರ ದಿನ, ಜುಲೈಯಲ್ಲಿ ವನಮಹೋತ್ಸವ, ಆಮೇಲೆ ಹೋಬಳಿ ಮಟ್ಟದ ಕ್ರೀಡಾಕೂಟ, ಆಗಸ್ಟ್ 15, ಸೆಪ್ಟೆಂಬರ್ 5, ದಸರಾ ರಜೆ, ನವೆಂಬರ್ 1, ಕನಕ ಜಯಂತಿ, ಮಕ್ಕಳ ದಿನ, ಹೀಗೆ ಸಾಲು ಸಾಲು. ಇವುಗಳ ಸಂದಿನಲ್ಲಿ ‘ಎಫ್‌ಎ’ ಮತ್ತು ‘ಎಸ್‌ಎ’ಗಳು, ಎಂದರೆ ಕಲಿಯುತ್ತಿರುವಾಗಲೇ ನಡೆಸುವ ರೂಪಣಾತ್ಮಕ ಮತ್ತು ಅವಧಿಯ ಕೊನೆಗೆ ನಡೆಸುವ ಸಂಕಲನಾತ್ಮಕ ಮೌಲ್ಯಮಾಪನಗಳು. ಮಾರ್ಗಸೂಚಿ ಬೀದರಿಗೂ ಬಿಳಿಕೆರೆಗೂ ಒಂದೇ. ಅದರಲ್ಲಿ ತಪ್ಪೇನೂ ಇಲ್ಲ. ಸರ್ಕಾರವೊಂದು ಪ್ರತಿ ಹೋಬಳಿಯ ಮಳೆ ನೋಡಿ ಪಂಚಾಂಗ ಬರೆಯಲಾರದು. ಆದರೆ ಈ ಸೀಮೆಯ ನೆಲಕ್ಕೆ ತನ್ನದೇ ಒಂದು ಪಂಚಾಂಗವಿದೆ, ಅದು ಯಾವ ಫಲಕದ ಮೇಲೆಯೂ ಬರೆಯಿಸಿಕೊಳ್ಳದೆ ಫಲಕದ ಬಲಗಡೆಯ ಅಂಕಿಯನ್ನು ಮಾತ್ರ ಏರಿಳಿಸುತ್ತದೆ.

ಆ ಪಂಚಾಂಗದಲ್ಲಿ ಮೊದಲನೆಯದು ಹೊಗೆಸೊಪ್ಪು. ಹುಣಸೂರು ಮತ್ತು ಪಿರಿಯಾಪಟ್ಟಣ, ಅವುಗಳ ಅಕ್ಕಪಕ್ಕದ ಹೆಗ್ಗಡದೇವನಕೋಟೆ ಮತ್ತು ಕೃಷ್ಣರಾಜನಗರದ ಕೆಲವು ಭಾಗಗಳು ಕರ್ನಾಟಕದ ವರ್ಜೀನಿಯಾ ತಂಬಾಕಿನ ತವರು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿವೆ. ಮೇ ತಿಂಗಳ ಮಳೆಗೆ ಸಸಿ ನಾಟಿಯಾಗುತ್ತದೆ, ಅದೇ ವಾರಗಳಲ್ಲಿ ಶಾಲೆಯೂ ತೆರೆಯುತ್ತದೆ, ಮತ್ತು ಅದೇ ಮೇ 31 ವಿಶ್ವ ತಂಬಾಕು ರಹಿತ ದಿನ. ಪ್ರಾರಂಭೋತ್ಸವದ ತೋರಣ ಬಾಡುವ ಮೊದಲೇ ಮಕ್ಕಳು ತಂಬಾಕಿನ ವಿರುದ್ಧ ಪ್ರತಿಜ್ಞೆ ಮಾಡಬೇಕು. ಪ್ರತಿಜ್ಞೆಗಾಗಿ ಚಾಚಿದ ಬಲಗೈ ಹಿಂದಿನ ಸಂಜೆ ಸಸಿಯ ಬುಡಕ್ಕೆ ನೀರು ಹೊಯ್ದ ಕೈಯೇ ಆಗಿರುವುದು ಅಪರೂಪವಲ್ಲ. ಶಾಲೆಯ ಗೇಟಿನ ಬಳಿ ಒಂದು ಬೋರ್ಡೂ ಇರುತ್ತದೆ: 2003ರ ಕಾಯ್ದೆಯ ಮೂಲ ರೂಪದ ಪ್ರಕಾರ ವಿದ್ಯಾಸಂಸ್ಥೆಯ 100 ಗಜದೊಳಗೆ ತಂಬಾಕು ಉತ್ಪನ್ನಗಳನ್ನು ಮಾರುವುದು ಅಪರಾಧ. ನೂರು ಗಜವೆಂದರೆ ಸುಮಾರು 91 ಮೀಟರು. ರಸ್ತೆಯ ಮೇಲೆ ಹಳದಿ ಗೆರೆ ಎಳೆದು ಆ ಗಡಿಯನ್ನು ತೋರಿಸುವ ಪದ್ಧತಿಯೂ ಬಂದಿದೆ. ಗೆರೆಯ ಒಳಗಿನ ಪೆಟ್ಟಿಗೆ ಅಂಗಡಿಯಲ್ಲಿ ಒಂದು ಬೀಡಿ ಮಾರಿದರೆ ದಂಡ. ಗೆರೆಯ ಒಳಗೇ ಕಾಂಪೌಂಡಿನ ಕಲ್ಲಿಗೆ ಒರಗಿ ಎದೆಮಟ್ಟ ಬೆಳೆದ ಸೊಪ್ಪಿಗೆ ಯಾವ ದಂಡವೂ ಇಲ್ಲ, ಏಕೆಂದರೆ ಕಾಯ್ದೆ ಹೇಳಿದ್ದು ಮಾರಾಟವನ್ನು, ಬೆಳೆಯನ್ನಲ್ಲ. ಕಾನೂನಿನಲ್ಲಿ ಇದರಷ್ಟು ಸರಿಯಾದದ್ದು ಬೇರೊಂದಿಲ್ಲ, ನೋಡುವ ಕಣ್ಣಿಗೆ ಇದರಷ್ಟು ವಿಚಿತ್ರವಾದದ್ದೂ ಬೇರೊಂದಿಲ್ಲ.

ಜುಲೈ ಕಳೆಯುತ್ತಿದ್ದಂತೆ ಬುಡದ ಎಲೆಗಳು ಹಣ್ಣಾಗುತ್ತವೆ, ಮತ್ತು ಬ್ಯಾರನ್ನುಗಳಿಗೆ ಬೆಂಕಿ ಬೀಳುತ್ತದೆ. ಬ್ಯಾರನ್ ಎಂದರೆ ಎಲೆಯನ್ನು ಬಿಸಿಗಾಳಿಯಲ್ಲಿ ಹದಗೊಳಿಸುವ, ಕಿಟಕಿಯಿಲ್ಲದ, ಎತ್ತರದ ಗೋಡೆಯ ಕೋಣೆ. ಹೊರಗಿನ ಒಲೆಯಿಂದ ಹೊರಟ ಬಿಸಿ ಒಳಗೆ ಹಾಸಿದ ತಗಡಿನ ಕೊಳವೆಗಳಲ್ಲಿ ಸುತ್ತಾಡಿ ಎಲೆಯನ್ನು ಮೊದಲು ಹಳದಿಗಟ್ಟಿಸಿ, ಆಮೇಲೆ ಆ ಬಣ್ಣವನ್ನು ನಿಲ್ಲಿಸಿ, ಕೊನೆಗೆ ನಡುದಂಟನ್ನು ಒಣಗಿಸುತ್ತದೆ. ಒಂದು ಸುತ್ತಿಗೆ ಐದಾರು ದಿನ ಬೇಕು. ಬಿಸಿ ಮೂವತ್ತೈದು ಡಿಗ್ರಿಯ ಸುಮಾರಿನಿಂದ ಎಪ್ಪತ್ತರ ಕಡೆಗೆ ಹಂತ ಹಂತವಾಗಿ ಏರಬೇಕಾದ್ದರಿಂದ ಹಗಲೂ ರಾತ್ರಿ ಒಲೆಯ ಮುಂದೆ ಒಬ್ಬರು ಎಚ್ಚರವಿರಲೇಬೇಕು. ಬ್ಯಾರನ್ನಿಗೆ ಏರಿಸುವ ಮೊದಲು ಎಲೆಗಳನ್ನು ಎರಡು ಮೂರರಂತೆ ಕೂಡಿಸಿ ಕಡ್ಡಿಯ ಆಚೆ ಈಚೆ ದಾರದಲ್ಲಿ ಕಟ್ಟುವ ಕೆಲಸವಿದೆಯಲ್ಲ, ಅದಕ್ಕೆ ಬಲ ಬೇಡ, ಚುರುಕು ಬೆರಳು ಬೇಕು. ಹನ್ನೆರಡು ಹದಿಮೂರರ ಬೆರಳುಗಳಷ್ಟು ಚುರುಕಾದವು ಬೇರಿಲ್ಲ. ಇಬ್ಬನಿಯಲ್ಲಿ ಮುರಿದು ತಂದ ಹಸಿ ಎಲೆಯ ಅಂಟು ಕೈಗೆ ಮೆತ್ತಿ, ಮೊದಲು ಹಸಿರಾಗಿ ಆಮೇಲೆ ಕರಿಯ ಪದರವಾಗಿ ಕೂರುತ್ತದೆ, ಸೋಪಿಗೆ ಜಗ್ಗುವುದಿಲ್ಲ, ಹುಣಸೆಹುಳಿ ಹಾಕಿ ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಕರಿಕೆ ತರುತ್ತದೆಂಬುದು ವೈದ್ಯರು ಹೆಸರಿಟ್ಟು ಗುರುತಿಸಿರುವ ಕಾಯಿಲೆ. ಆಗಸ್ಟ್ ತಿಂಗಳ ಆರೋಗ್ಯ ಮಂತ್ರಿ ಉಗುರು ನೋಡುವಾಗ ಕರಿಗಟ್ಟಿದ ಬೆರಳುಗಳ ಮುಂದೆ ನಿಲ್ಲುವುದಿಲ್ಲ, ಮುಂದಕ್ಕೆ ಹೋಗಿಬಿಡುತ್ತಾನೆ. ಬಹುಶಃ ತನ್ನವೂ ಹಾಗೆಯೇ ಇರುವುದರಿಂದ.

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ, ಅಪಾಯಕಾರಿಯಲ್ಲದ ಮನೆಯವರ ಕಸುಬಿನಲ್ಲಿ ಶಾಲೆಯ ವೇಳೆಯ ನಂತರವೂ ರಜೆಯಲ್ಲೂ ಮಕ್ಕಳು ಕೈಜೋಡಿಸಬಹುದೆಂದು ಬಾಗಿಲು ತೆರೆದಿಟ್ಟಿತು. ಆದರೆ ಎಲೆಗೆ ಶಾಲೆಯ ಗಂಟೆ ಕೇಳಿಸುವುದಿಲ್ಲ. ಮುರಿದ ಎಲೆಯನ್ನು ಅದೇ ದಿನ ಕಟ್ಟಬೇಕು, ಕೂಲಿಯವರು ಸಿಕ್ಕದ ದಿನ ಮನೆಯ ಐದು ಜನರೂ ಕೂತು ಕಟ್ಟಬೇಕು, ಇಲ್ಲವಾದರೆ ಬಣ್ಣ ಕೆಟ್ಟು ಹರಾಜಿನಲ್ಲಿ ದರ್ಜೆ ಇಳಿಯುತ್ತದೆ. ಆದ್ದರಿಂದ ಆಗಸ್ಟ್ ತಿಂಗಳ ಹಾಜರಾತಿಗೆ ಒಂದು ವಿಲಕ್ಷಣ ನಡಿಗೆಯಿದೆ: ಹದಿನೈದರಂದು ಧ್ವಜ ಮತ್ತು ಸಿಹಿಯಿಂದಾಗಿ ಅದು ದಾಖಲಾತಿಗೆ ಸಮನಾಗುತ್ತದೆ, ಹದಿನಾರರಂದು ಧೊಪ್ಪನೆ ಬೀಳುತ್ತದೆ. ಇಪ್ಪತ್ತರಂದು ದೇವರಾಜ ಅರಸರ ಜಯಂತಿ. 1915ರ ಆಗಸ್ಟ್ 20ರಂದು ಹುಟ್ಟಿದ ಅರಸರ ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದವರು ಅವರೇ, ಮರುವರ್ಷ ಭೂಸುಧಾರಣೆಯ ತಿದ್ದುಪಡಿ ತಂದು ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿದವರೂ ಅವರೇ. ಉಳುವವನಿಗೆ ಭೂಮಿ ಎಂಬ ವಿಷಯದ ಮೇಲೆ ಶಿಕ್ಷಕರು ಬರೆದುಕೊಟ್ಟ ಭಾಷಣವನ್ನು ಕಂಠಪಾಠ ಮಾಡಿ ಒಪ್ಪಿಸುವ ಹುಡುಗ, ತಾನೇ ಉಳುವವನ ಮೊಮ್ಮಗನೆಂಬುದನ್ನು ಆ ಭಾಷಣದಲ್ಲಿ ಸೇರಿಸುವುದಿಲ್ಲ. ಬರೆದುಕೊಟ್ಟದ್ದರಲ್ಲಿ ಆ ಸಾಲು ಇರುವುದಿಲ್ಲವಷ್ಟೆ.

ಕೃಷ್ಣರಾಜನಗರದ ಕಡೆ ಕಾವೇರಿಯ ನಾಲೆಗಳಿರುವುದರಿಂದ ಬ್ಯಾರನ್ನಿಗಿಂತ ಭತ್ತದ ಗದ್ದೆಯ ಪಂಚಾಂಗ ಹೆಚ್ಚು ನಡೆಯುತ್ತದೆ. ನಾಟಿಯ ವಾರ, ಕೊಯ್ಲಿನ ವಾರ, ಮತ್ತೆ ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆ. ಜೋಡೆತ್ತು ಹೊಡೆದುಕೊಂಡು ಜಾತ್ರೆಗೆ ಹೋಗುವ ತಂದೆಯ ಹಿಂದೆ ಹೊರಟ ಮಗನಿಗೆ ಆ ವಾರ ದನದ ಹಲ್ಲೆಣಿಸಿ ವಯಸ್ಸು ಹೇಳುವ ವಿದ್ಯೆ ಲಭಿಸುತ್ತದೆಂಬುದನ್ನು ಹಾಜರಿ ಪುಸ್ತಕ ಒಂದು ಸೊನ್ನೆಯಲ್ಲಿ ಹೇಳಿ ಮುಗಿಸುತ್ತದೆ. ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ಶಾಲೆಗಳಿಗೆ ಲೋಸಾರ್, ಎಂದರೆ ಅವರ ಹೊಸವರ್ಷ, ದೊಡ್ಡ ರಜೆ. ರಸ್ತೆಯ ಈಚೆಯ ಕನ್ನಡ ಶಾಲೆಗೆ ಅದು ಮಾಮೂಲಿ ದಿನ. ಒಂದೇ ರಸ್ತೆಗೆ ಎರಡು ಪಂಚಾಂಗಗಳಿರುವುದು ಯಾರಿಗೂ ಬಾಧಕವಾಗಿಲ್ಲ.

ಹೆಗ್ಗಡದೇವನಕೋಟೆಯಲ್ಲಿ ಮಾತ್ರ ಪಂಚಾಂಗವನ್ನು ಮಳೆಯೂ ಆನೆಯೂ ಸೇರಿ ಬರೆಯುತ್ತವೆ. ವಯನಾಡಿನಲ್ಲಿ ಮುಂಗಾರು ಹಿಡಿದರೆ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬಿ ಹೊರಹರಿವು ಏರುತ್ತದೆ, ‘ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ್ದಾರಂತೆ’ ಎಂಬ ವಾರ್ತೆ ಯಾವ ಮಂತ್ರಿಯ ಅಂಕಿತವೂ ಇಲ್ಲದೆ ಮನೆಮನೆ ಮುಟ್ಟುತ್ತದೆ. ಶಾಲೆಯ ಸುದ್ದಿಗಳಲ್ಲಿ ಇದರಷ್ಟು ವೇಗದ್ದು ಇನ್ನೊಂದಿಲ್ಲ. ಆನೆಯ ಸುದ್ದಿ ಎರಡು ಬಗೆ. ‘ರಾತ್ರಿ ಬಾಳೆತೋಟಕ್ಕೆ ಬಂದಿತ್ತು’ ಎಂಬುದು ಒಂದು, ಅದು ಮಗು ತಡವಾಗಿ ಬಂದದ್ದಕ್ಕೆ ಶಿಕ್ಷಕರು ಮರುಪ್ರಶ್ನೆಯಿಲ್ಲದೆ ಒಪ್ಪುವ ಕಾರಣ. ದಸರೆಯ ಆನೆಗಳ ಸುದ್ದಿ ಇನ್ನೊಂದು. ಆಗಸ್ಟ್ ತಿಂಗಳಲ್ಲಿ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವಾಗ ಸುತ್ತಲಿನ ಮಕ್ಕಳಿಗೆ ಪ್ರತಿ ಆನೆಯ ಹೆಸರು, ಶಿಬಿರ, ಸ್ವಭಾವ ಎಲ್ಲವೂ ಬಾಯಿಪಾಠ. ಎಂಟು ಬಾರಿ 750 ಕಿಲೋಗ್ರಾಂ ತೂಕದ ಅಂಬಾರಿ ಹೊತ್ತಿದ್ದ, ಬಳ್ಳೆ ಶಿಬಿರದ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಾಡಿನಲ್ಲಿ ಕಾಡಾನೆಯೊಂದರ ಜೊತೆಗಿನ ಕಾದಾಟದಲ್ಲಿ ಮಡಿದಾಗ, ಆ ಸುದ್ದಿ ಈ ಸೀಮೆಗೆ ರಾಷ್ಟ್ರೀಯ, ಅಂತಾರಾಷ್ಟ್ರೀಯ ಎಂಬ ವಿಭಾಗಗಳಲ್ಲಿ ಯಾವುದಕ್ಕೂ ಸೇರುವಂಥದ್ದಾಗಿರಲಿಲ್ಲ, ಮನೆಯ ಸುದ್ದಿಯಾಗಿತ್ತು.

ಕಾಡಂಚಿನ ಹಾಡಿಗಳದು, ಎಂದರೆ ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಬುಡಕಟ್ಟುಗಳ ಚಿಕ್ಕ ವಸತಿಗಳದು, ಇನ್ನೂ ಬೇರೆ ಲೆಕ್ಕ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಲಿಗೆ ಬರುತ್ತದೆ. ಹಾಡಿಗಳಿಂದ ಸಂಸಾರ ಸಂಸಾರವೇ ಅಲ್ಲಿಯ ಲೈನ್ ಮನೆಗಳಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುತ್ತದೆ, ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಅಜ್ಜಿಯೂ ಕೊಯ್ಲಿಗೆ ಹೊರಟರೆ ಮಗುವೂ ಹೊರಡುತ್ತದೆ. ಇಂಥ ಮಕ್ಕಳಿಗಾಗಿ ಸರ್ಕಾರ ವಸತಿಸಹಿತ ಆಶ್ರಮ ಶಾಲೆಗಳನ್ನು ನಡೆಸುತ್ತಿದೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ಹಾಡಿಯ ಮಕ್ಕಳ ಶಾಲೆಯೊಂದನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಆದರೂ ಜನವರಿಯ ಫಲಕದಲ್ಲಿ ಎಡದ ಅಂಕಿಗೂ ಬಲದ ಅಂಕಿಗೂ ನಡುವೆ ಒಂದು ಕಾಫಿ ತೋಟದಷ್ಟು ಅಂತರ ಬೀಳುವುದು ತಪ್ಪಿಲ್ಲ.

ಇಷ್ಟು ಹೇಳಿದ ಮೇಲೆ ಇದೇ ಹೆಗ್ಗಡದೇವನಕೋಟೆಯಿಂದ ಹೊರಟ ಒಂದು ದೊಡ್ಡ ಸುದ್ದಿಯನ್ನು ನೆನೆಯದಿದ್ದರೆ ಅನ್ಯಾಯವಾದೀತು. ಇಂದು ಕರ್ನಾಟಕದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲೆಲ್ಲ ಕಾಣುವ ‘ನಲಿ-ಕಲಿ’ ಪದ್ಧತಿ ಹುಟ್ಟಿದ್ದು ಬೆಂಗಳೂರಿನ ಯಾವ ಕಚೇರಿಯಲ್ಲಿಯೂ ಅಲ್ಲ, 1995ರ ಸುಮಾರಿಗೆ ಈ ತಾಲ್ಲೂಕಿನಲ್ಲಿ. ಇಲ್ಲಿನ ಪ್ರಾಥಮಿಕ ಶಾಲೆಗಳ ಶಿಕ್ಷಕರು ಯುನಿಸೆಫ್‌ನ ನೆರವಿನಿಂದ ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದು, ಪಠ್ಯಪುಸ್ತಕವನ್ನು ಬಿಡಿಸಿ ಚಿಕ್ಕ ಚಿಕ್ಕ ಕಾರ್ಡುಗಳನ್ನಾಗಿ ಮಾಡಿದರು. ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಅದನ್ನು ‘ಕಲಿಕಾ ಏಣಿ’ ಎಂದು ಕರೆದರು. ಮಕ್ಕಳನ್ನು ತರಗತಿಯ ಸಾಲುಗಳಿಂದ ಎಬ್ಬಿಸಿ, ಪೂರ್ತಿ ಶಿಕ್ಷಕರ ಸಹಾಯ ಬೇಕಾದವರು, ಜೊತೆಯವರ ಸಹಾಯ ಸಾಕಾದವರು, ತಾವೇ ಕಲಿಯಬಲ್ಲವರು ಎಂದು ನೆಲದ ಮೇಲೆ ಗುಂಪು ಗುಂಪಾಗಿ ಕೂರಿಸಿದರು. ಹಾಡು, ಬಣ್ಣ, ಮೇಲಿನಿಂದ ಇಳಿಬಿಟ್ಟ ಚಪ್ಪರಗಳನ್ನು ಕಂಡವರು ಇದನ್ನು ಆಟದ ಪದ್ಧತಿ ಎಂದುಕೊಂಡರು. ಅದರ ನಿಜವಾದ ಜಾಣತನ ಬೇರೆಡೆ ಇತ್ತು. ಹದಿನೈದು ದಿನ ಬ್ಯಾರನ್ನಿನ ಮುಂದೆಯೋ ಎರಡು ತಿಂಗಳು ಕಾಫಿ ತೋಟದಲ್ಲಿಯೋ ಇದ್ದು ಬಂದ ಮಗು ತಾನು ಯಾವ ಮೆಟ್ಟಿಲಿನಲ್ಲಿ ಇಳಿದು ಹೋಗಿತ್ತೋ ಅದೇ ಮೆಟ್ಟಿಲಿನಿಂದ ಮತ್ತೆ ಹತ್ತಬಹುದು. ತರಗತಿ ಮುಂದಕ್ಕೆ ಹೋಗಿಬಿಟ್ಟಿದೆ ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಮಕ್ಕಳು ಬಿಟ್ಟು ಬಿಟ್ಟು ಬರುವುದು ಹಣೆಬರಹವೆಂದು ಒಪ್ಪದೆ, ಹಾಗೆಂದು ಅದು ಸುಳ್ಳೆಂದೂ ನಟಿಸದೆ, ಆ ಸತ್ಯದ ಮೇಲೆಯೇ ಪಾಠವನ್ನು ಕಟ್ಟಿದ ಶಿಕ್ಷಕರ ಬುದ್ಧಿಗೆ ಎಷ್ಟು ಗೌರವ ಸಲ್ಲಿಸಿದರೂ ಕಡಿಮೆ.

ಆದರೆ ಈ ಏಣಿ ಕೆಳಗಿನ ತರಗತಿಗಳಲ್ಲಿಯೇ ಮುಗಿಯುತ್ತದೆ. ಮಿಡ್ಲ್ ಸ್ಕೂಲಿಗೆ ಕಾಲಿಟ್ಟ ಮಗುವಿಗೆ ಪಠ್ಯಪುಸ್ತಕ, ಪಾಠಯೋಜನೆ, ಎಫ್‌ಎ ಒಂದು, ಎಫ್‌ಎ ಎರಡು. ಕೆಲಸಕ್ಕೆ ಕೈ ಬಲಿತು ಮನೆಯವರು ಕರೆಯತೊಡಗುವ ವಯಸ್ಸೂ ಸರಿಯಾಗಿ ಅದೇ. ಆರು ವರ್ಷದ ಮಗುವನ್ನು ಯಾರೂ ಎಲೆ ಕಟ್ಟಲು ಕೂರಿಸುವುದಿಲ್ಲ, ಹನ್ನೆರಡರದನ್ನು ಕೂರಿಸುತ್ತಾರೆ; ಏಣಿ ಅಷ್ಟಾಗಿ ಬೇಡದಿದ್ದಾಗ ಇತ್ತು, ತೀರ ಬೇಕಾದಾಗ ಇಲ್ಲ. ಭಿನ್ನರಾಶಿಯ ಪಾಠ ನಡೆದದ್ದು ಆಗಸ್ಟಿನ ಎರಡನೆಯ ವಾರವಾದರೆ ಆ ವಾರ ಬಾರದ ಮಗುವಿಗೆ ಭಿನ್ನರಾಶಿ ಜನ್ಮದಲ್ಲಿ ಮತ್ತೆ ಎದುರಾಗುವುದು ಹೈಸ್ಕೂಲಿನ ಬೀಜಗಣಿತದ ಒಳಗೆ, ಗುರುತು ಸಿಕ್ಕದ ವೇಷದಲ್ಲಿ.

ವೇಷದ ಮಾತು ಬಂದದ್ದರಿಂದ ಪ್ರತಿಭಾ ಕಾರಂಜಿಯನ್ನು ಇಲ್ಲಿಯೇ ನೋಡಿಬಿಡಬಹುದು. ಕ್ಲಸ್ಟರ್, ಎಂದರೆ ಅಕ್ಕಪಕ್ಕದ ಹತ್ತು ಹದಿನೈದು ಶಾಲೆಗಳ ಗುಂಪು, ಅಲ್ಲಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರುವ ಈ ಸ್ಪರ್ಧೆಗಳು ಫಲಕದ ಮೇಲೆ ಅತ್ಯಂತ ಹೆಚ್ಚು ಜಾಗ ಪಡೆಯುವ ಸುದ್ದಿ. ಕಂಠಪಾಠ, ಆಶುಭಾಷಣ, ಮಣ್ಣಿನ ಗೊಂಬೆ, ಛದ್ಮವೇಷ ಎಲ್ಲವೂ ಅದರಲ್ಲಿವೆ. ಛದ್ಮವೇಷದಲ್ಲಿ ಒನಕೆ ಓಬವ್ವನ ನಂತರ ಹೆಚ್ಚು ಬಾರಿ ವೇದಿಕೆಗೆ ಬರುವವನು ರೈತ. ಪೇಟೆಯಿಂದ ಬಾಡಿಗೆಗೆ ತಂದ ಹಸಿರು ಟವೆಲು, ಥರ್ಮೋಕೋಲಿನ ನೇಗಿಲು, ಸುಟ್ಟ ಕಾರ್ಕಿನಲ್ಲಿ ಬರೆದ ಮೀಸೆ. ಬೆಳಿಗ್ಗೆ ತಾನೇ ನಿಜವಾದ ನೊಗಕ್ಕೆ ಕೈಕೊಟ್ಟು ಬಂದ ಹುಡುಗ ತೀರ್ಪುಗಾರರ ಮುಂದೆ ರೈತನಂತೆ ನಟಿಸಿ, ಎರಡನೆಯ ಬಹುಮಾನ ಪಡೆಯುತ್ತಾನೆ. ಮೊದಲನೆಯದು ಓಬವ್ವನಿಗೆ.

ಫಲಕದ ಬಲಗಡೆಯ ಅಂಕಿಗೆ ಇಲಾಖೆ ಬೆಲೆಯನ್ನೇ ಕೊಡುವುದಿಲ್ಲವೆಂದರೆ ಸುಳ್ಳಾಗುತ್ತದೆ. ಅಡುಗೆಮನೆಯಲ್ಲಿ ಅದಕ್ಕೆ ಚಿನ್ನದ ಬೆಲೆ. ರಾಜ್ಯದ ಉತ್ತರ ಜಿಲ್ಲೆಗಳಲ್ಲಿ 2002ರಲ್ಲಿ ಮೊದಲಾಗಿ ಮರುವರ್ಷ ಈ ಕಡೆಗೂ ಬಂದ ಅಕ್ಷರ ದಾಸೋಹ, ಎಂದರೆ ಮಧ್ಯಾಹ್ನದ ಬಿಸಿಯೂಟ, ಆ ಅಂಕಿಯ ಮೇಲೆಯೇ ನಿಂತಿದೆ. ಐದನೆಯ ತರಗತಿಯವರೆಗೆ ತಲೆಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರೆಗೆ 150 ಗ್ರಾಂ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಪುಡಿಯಿಂದ 150 ಮಿಲಿಲೀಟರು ಹಾಲು. ಮೇಲೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಅಡುಗೆಯಾಕೆ ಬೆಳಿಗ್ಗೆ ಫಲಕದ ಮುಂದೆ ನಿಂತು ಬಲಗಡೆಯ ‘ಒಟ್ಟು’ ಎಂಬ ಮನೆಯನ್ನಷ್ಟೇ ಓದಿ, ಬೆರಳಲ್ಲಿ ಎಣಿಸಿಕೊಂಡು, ಒಳಗೆ ಹೋಗಿ ಅಕ್ಕಿ ಅಳೆಯುತ್ತಾಳೆ. ಸುವಿಚಾರವನ್ನೂ ವಾರ್ತೆಯನ್ನೂ ಆಕೆ ನೋಡುವುದಿಲ್ಲ. ಶಾಲೆಯ ಆ ದಿನದ ನಿಜವಾದ ಸುದ್ದಿ ಯಾವುದೆಂದು ಅರಿತು ಓದುವವಳು ಅವಳೊಬ್ಬಳೇ ಎನ್ನಬೇಕು. ಸೋಮವಾರ ಅಕ್ಕಿ ಕಡಿಮೆ ಬಿದ್ದರೆ ಯಾವ ಊರಿನ ಬ್ಯಾರನ್ನಿಗೆ ಬೆಂಕಿ ಬಿದ್ದಿದೆಯೆಂದು ಅವಳು ಲೆಕ್ಕ ಹಾಕದೆ ಹೇಳಬಲ್ಲಳು.

ಪಂಚಾಂಗವನ್ನು ಬದಲಿಸುವುದು ಅಸಾಧ್ಯವೆಂಬ ಮಾತನ್ನು ಈಚಿನ ಒಂದು ಘಟನೆ ಸುಳ್ಳು ಮಾಡಿದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರಾಗಿದ್ದರು. ಕೆಲಸ ಮುಗಿಯದೆ ಉಳಿದಾಗ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 8ರಿಂದ 18ರವರೆಗೆ ಮುಂದುವರಿಸಲಾಯಿತು. ಎಣಿಸುವುದಕ್ಕಾಗಿ ಇಡೀ ರಾಜ್ಯದ ಆ ಶಾಲೆಗಳನ್ನು ಹನ್ನೊಂದು ದಿನ ನಿಲ್ಲಿಸಬಹುದಾದರೆ, ನಾಲ್ಕು ತಾಲ್ಲೂಕುಗಳ ಎಲೆಯ ಕಾಲಕ್ಕೆ ತಕ್ಕಂತೆ ಒಂದು ಎಫ್‌ಎಯನ್ನು ಮೂರು ವಾರ ಆಚೆಗೆ ತಳ್ಳುವುದೂ, ಆಗಸ್ಟಿನಲ್ಲಿ ನಡೆದ ಪಾಠಗಳನ್ನು ನವೆಂಬರಿನಲ್ಲಿ ಮೊದಲಿನಿಂದ ಎತ್ತಿಕೊಳ್ಳುವುದೂ, ಹಾಡಿಯ ಮಕ್ಕಳು ಮಾರ್ಚಿನಲ್ಲಿ ಮರಳಿದಾಗ ಅವರಿಗೊಂದು ಏಣಿ ಒರಗಿಸಿಡುವುದೂ ಆಗದ ಕೆಲಸಗಳಲ್ಲ. ಮುಖ್ಯ ಶಿಕ್ಷಕರಿಗೆ ಬೆರಳೆಣಿಕೆಯ ಸ್ಥಳೀಯ ರಜೆಗಳನ್ನು ತಮ್ಮ ವಿವೇಚನೆಯಂತೆ ಕೊಡಿಸುವ ಅವಕಾಶ ಈಗಲೂ ಇದೆ, ಅದು ಬಹುಮಟ್ಟಿಗೆ ಜಾತ್ರೆಗೆ ಸಲ್ಲುತ್ತದೆ. ಮಕ್ಕಳ ಗ್ರಾಮಸಭೆಗಳಲ್ಲಿ, ಎಂದರೆ ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಕ್ಕಳ ಅಹವಾಲು ಕೇಳುವ ಸಭೆಗಳಲ್ಲಿ, ಕಾಂಪೌಂಡು, ಶೌಚಾಲಯ, ಸಮಯಕ್ಕೆ ಬರುವ ಬಸ್ಸು ಇವುಗಳನ್ನು ಮಕ್ಕಳು ಕೇಳುತ್ತಾರೆ. ಬಿಟ್ಟುಹೋದ ಪಾಠವನ್ನು ಮತ್ತೊಮ್ಮೆ ಹೇಳಿಕೊಡಿ ಎಂದು ಕೇಳಬಹುದೆಂಬುದು ಅವರಿಗೆ ಹೊಳೆದಂತಿಲ್ಲ, ಹೊಳೆಯುವಂತೆ ಯಾರೂ ಹೇಳಿದಂತೆಯೂ ಇಲ್ಲ.

ಈ ನಾಲ್ಕು ತಾಲ್ಲೂಕುಗಳಿಂದ, ಈಚೆಗೆ ಅವುಗಳಿಂದ ಬೇರೆಯಾದ ಸರಗೂರು ಮತ್ತು ಸಾಲಿಗ್ರಾಮಗಳಿಂದ, ಮೈಸೂರಿಗೋ ಬೆಂಗಳೂರಿಗೋ ಹೋಗಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳಿಗೆ ಆಗಸ್ಟ್ 15ಕ್ಕೆ ಮುಖ್ಯ ಅತಿಥಿಗಳಾಗಿ ಬರಬೇಕೆಂದು ಓದಿದ ಶಾಲೆಯಿಂದ ಆಮಂತ್ರಣ ಬರುವುದುಂಟು. ಅವರು ದಯವಿಟ್ಟು ಅಂದು ಹೋಗದಿರಲಿ. ಹಾರ, ನೋಟ್ ಪುಸ್ತಕ, ಸಿಹಿಯ ಡಬ್ಬ ಯಾವುದನ್ನೂ ಒಯ್ಯದೆ ಅದೇ ತಿಂಗಳ ಇಪ್ಪತ್ತರ ಆಚೆಯ ಯಾವುದಾದರೂ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಹೋಗಿ, ಜಗಲಿಯ ಫಲಕದ ಎಡಗಡೆಯ ಅಂಕಿಯಿಂದ ಬಲಗಡೆಯದನ್ನು ಕಳೆದು, ಉಳಿದ ಮಕ್ಕಳು ಎಲ್ಲಿದ್ದಾರೆಂದು ಮುಖ್ಯ ಶಿಕ್ಷಕರನ್ನು ಕೇಳಲಿ. ಅವರು ಹೇಳುತ್ತಾರೆ, ಅವರಿಗೆ ಒಂದೊಂದು ಮನೆಯೂ ಗೊತ್ತಿರುತ್ತದೆ.